ಹಾಡಿಗೆಂದೇ ಒಂದು ಪ್ಲೇಯರ್ ಇಟ್ಟುಕೊಳ್ಳುವವರಿಗೆ
ರಾಯಚೂರಿನಿಂದ ಮಾನ್ವಿಗೆ ದಿನಾ ಬಸ್ಸಿನಲ್ಲಿ ಓಡಾಡುವ ನನಗೆ ಫೋನಿಗಿಂತ ಹಾಡಿಗೇ ಮೀಸಲಾದ ಪ್ಲೇಯರ್ ಇಷ್ಟ. ನಡುವೆ ಕರೆ ಬರಲ್ಲ, ಸಿಗ್ನಲ್ಲೂ ಬೇಕಿಲ್ಲ.

ಕೊಳ್ಳುವಾಗ ಮೆಮೊರಿ ಕಾರ್ಡ್ ಹಾಕಲು ಜಾಗ ಇರೋದನ್ನೇ ಆರಿಸಿ. ಪರದೆಯಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. 320 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಕಿಲೋಬಿಟ್) ಎಂಪಿ3 ನಿಮಿಷಕ್ಕೆ ಸುಮಾರು 2.4 ಎಂಬಿ ಹಿಡಿಯುತ್ತದೆ, ದನಿಯ ಯಾವ ವಿವರವೂ ಕಳೆಯದಂತೆ ಕುಗ್ಗಿಸಿಡುವ ಫ್ಲ್ಯಾಕ್ ಫೈಲು ಅದರ ಎರಡು-ಮೂರು ಪಟ್ಟು. ನಮ್ಮ ಜಿಲ್ಲೆಯವರೇ ಆದ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನು ನಾನು ಫ್ಲ್ಯಾಕ್‌ನಲ್ಲೇ ಇಡೋದು. ದನಿ ನಿಂತ ಮೇಲೂ ತಂಬೂರಿ ಕೇಳಬೇಕು. ಹಳೆ ಕ್ಯಾಸೆಟ್‌ನಿಂದ ಇಳಿಸಿಕೊಂಡದ್ದಕ್ಕೆ ಎಂಪಿ3 ಧಾರಾಳ ಸಾಕು.

ಕಾರ್ಡಿಗೆ ತುಂಬುವ ಮೊದಲೇ ಟ್ಯಾಗ್, ಅಂದರೆ ಫೈಲಿನೊಳಗೆ ಬರೆದಿರುವ ಹಾಡು-ಗಾಯಕರ ಹೆಸರು, ಸರಿಮಾಡಿ. ಒಂದು ಫೈಲಿನಲ್ಲಿ ‘ಸಿದ್ದರಾಮ’, ಇನ್ನೊಂದರಲ್ಲಿ ‘ಸಿದ್ಧರಾಮ’ ಎಂದಿದ್ದರೆ ಪ್ಲೇಯರ್ ಇಬ್ಬರು ಗಾಯಕರನ್ನು ತೋರಿಸುತ್ತದೆ.

ನಮ್ಮ ಮೇ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಂತೂ ಬಿಡಲೇಬೇಡಿ, ಬ್ಯಾಟರಿ ಹಾಳಾಗುತ್ತದೆ. ಎಲ್ಲದರ ಇನ್ನೊಂದು ಪ್ರತಿ ಮನೆಯ ಹಾರ್ಡ್‌ಡಿಸ್ಕ್‌ನಲ್ಲಿರಲಿ.