ನೀರುದೋಸೆಯ ಮೇಲೆ ಕ್ಯಾವಿಯಾರ್: ಕಾಸರಗೋಡಿನ ಸೆಕೆಯಲ್ಲಿ ನಾನು ಮಾಡಿದ್ದು ಹೀಗೆ

ನಮ್ಮೂರಿನ ಸೆಕೆಯಲ್ಲಿ ಕ್ಯಾವಿಯಾರ್, ಅಂದರೆ ಉಪ್ಪು ಹಾಕಿದ ಸ್ಟರ್ಜನ್ ಮೀನಿನ ಮೊಟ್ಟೆ, ಬಡಿಸುವುದು ಆಗದ ಮಾತು ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಬೆಂಗಳೂರಿನ ಅಂಗಡಿಯವರು ಹೇಳಿದರು. ದೊಡ್ಡ ಹೋಟೆಲಿನಲ್ಲಿ ಶೆಫ್ ಆಗಿರುವ ಗೆಳೆಯ ಹೇಳಿದ. ನನ್ನ ಜೊತೆ ಕ್ಯಾಟರಿಂಗ್ ನೋಡಿಕೊಳ್ಳುವ ಬಾವ ಅಂತೂ ಬಿಲ್ ನೋಡಿದಾಗಲೆಲ್ಲ ಹೇಳಿದರು. ಈಗ ಗಲ್ಫಿನಿಂದ ರಜೆಗೆ ಬಂದವರ ಮನೆಯ ಊಟಕ್ಕೆ ಬಾವನೇ ಫೋನ್ ತೆಗೆದು, "ಕ್ಯಾವಿಯಾರ್ ಬೇಕಾ, ಮೊದಲೇ ಹೇಳಬೇಕು ಆಯ್ತಾ" ಅನ್ನುತ್ತಾರೆ. ಹೇಗೆ ಮಾಡಿದಿರಿ ಅಂತ ಅಡುಗೆ ಕೆಲಸದ ಹಲವರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಸ್ಟರ್ಜನ್ ಯಾವ ಮೀನು, ಮಾಲೊಸ್ಸೊಲ್ ಅನ್ನುವ ಕಡಿಮೆ ಉಪ್ಪಿನ ಪದ್ಧತಿಯಲ್ಲಿ ಎಷ್ಟು ಉಪ್ಪು, ಇದೆಲ್ಲ ನಿಮಗೆ ಗೊತ್ತಿದೆ ಅಂದುಕೊಂಡೇ ಬರೆಯುತ್ತೇನೆ.

ಕಷ್ಟ ಇರುವುದು ರುಚಿಯಲ್ಲಿ ಅಲ್ಲ, ದಾರಿಯಲ್ಲಿ. ಮೊದಲು ಕೊರಿಯರಿನಲ್ಲಿ ತರಿಸಿದೆ. ಜೆಲ್ ಪ್ಯಾಕ್ ಕರಗಿ ಡಬ್ಬಿ ಬೆಚ್ಚಗಾಗಿತ್ತು, ಮುಚ್ಚಳ ತೆಗೆದರೆ ಎಣ್ಣೆ ಮೇಲೆ ಬಂದಿತ್ತು, ವಾಸನೆ ಬೇರೆ. ಎಂಟೊಂಬತ್ತು ಸಾವಿರ ಹೋಯಿತು. ಮುಂದಿನ ಸಲ ಕಳಿಸಿದವರು ಜಾಸ್ತಿ ಜಾಗ್ರತೆ ಮಾಡಿ ಫ್ರೀಜರಿನಿಂದ ಆಗಷ್ಟೇ ತೆಗೆದ ಪ್ಯಾಕನ್ನು ಡಬ್ಬಿಗೆ ತಾಗಿಸಿ ಕಟ್ಟಿದ್ದರು. ಅದು ಇನ್ನೂ ಕೆಟ್ಟದ್ದು. ಮೊಟ್ಟೆ ಹೆಪ್ಪುಗಟ್ಟಿ ಸಿಪ್ಪೆ ಒಡೆದರೆ ಕಾಳು ಕಾಳಾಗಿ ನಿಲ್ಲುವುದಿಲ್ಲ, ಗಂಜಿಯಾಗುತ್ತದೆ. ಅದನ್ನು ಬಡಿಸುವ ಹಾಗಿಲ್ಲ, ಬಿಸಾಡಲು ಮನಸ್ಸೂ ಬರುವುದಿಲ್ಲ. ಬೆಣ್ಣೆಗೆ ಕಲಸಿ ಬ್ರೆಡ್ಡಿಗೆ ಹಚ್ಚಿ ಮನೆಯವರೆಲ್ಲ ತಿಂದೆವು.

ಉಪಾಯ ಹೊಳೆದದ್ದು ಮೀನಿನ ಮಾರ್ಕೆಟ್ಟಿನಲ್ಲಿ. ಅಲ್ಲಿ ಒಳ್ಳೆಯ ಮೀನನ್ನು ಬರೀ ಐಸಿನಲ್ಲಿ ಇಡುವುದಿಲ್ಲ, ಐಸ್ ಪುಡಿಗೆ ನೀರು ಸೇರಿಸಿ ಅದರಲ್ಲಿ ಮುಳುಗಿಸುತ್ತಾರೆ ಅಲ್ವಾ? ಐಸೂ ನೀರೂ ಒಟ್ಟಿಗೆ ಇರುವವರೆಗೆ ಅದು ಸೊನ್ನೆ ಡಿಗ್ರಿಯಿಂದ ಆಚೀಚೆ ಹೋಗುವುದಿಲ್ಲ. ಕ್ಯಾವಿಯಾರಿಗೆ ಬೇಕಾದದ್ದು ಮೈನಸ್ ಎರಡರಿಂದ ಪ್ಲಸ್ ಎರಡರ ಆಸುಪಾಸು. ಉಪ್ಪಿರುವುದರಿಂದ ಸೊನ್ನೆಯಲ್ಲಿ ಮೊಟ್ಟೆ ಹೆಪ್ಪುಗಟ್ಟುವುದೂ ಇಲ್ಲ. ಇಷ್ಟೇ ವಿಷಯ. ಈಗ ಬೆಂಗಳೂರಿನಲ್ಲಿ ಓದುವ ಅಕ್ಕನ ಮಗ ಅಂಗಡಿಯಿಂದ ಡಬ್ಬಿ ತೆಗೆದುಕೊಂಡು, ಎರಡು ಕವರಿನಲ್ಲಿ ಗಾಳಿ ಇಲ್ಲದ ಹಾಗೆ ಕಟ್ಟಿ, ಅಗಲ ಬಾಯಿಯ ಸ್ಟೀಲ್ ಫ್ಲಾಸ್ಕಿನಲ್ಲಿ ಐಸ್-ನೀರಿನ ನಡುವೆ ಇಟ್ಟು, ಆ ಫ್ಲಾಸ್ಕನ್ನು ಥರ್ಮೋಕೋಲ್ ಪೆಟ್ಟಿಗೆಗೆ ಹಾಕಿ ರಾತ್ರಿ ಕಣ್ಣೂರು ರೈಲು ಹತ್ತುತ್ತಾನೆ. ಬೆಳಿಗ್ಗೆ ಕಾಸರಗೋಡಿನಲ್ಲಿ ಇಳಿದಾಗ ನಾನು ಥರ್ಮಾಮೀಟರ್ ಹಾಕಿ ನೋಡುತ್ತೇನೆ. ಒಂದು ಡಿಗ್ರಿಗಿಂತ ಮೇಲೆ ಹೋದದ್ದು ನೆನಪಿಲ್ಲ. ಡಬ್ಬಿ ನೀರಿನಲ್ಲಿ ತೇಲದ ಹಾಗೆ, ತಳಕ್ಕೂ ತಾಗದ ಹಾಗೆ ನಿಲ್ಲಿಸಲು ಒಂದು ಏರ್ಪಾಡು ಮಾಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.

ಮನೆಗೆ ತಂದ ಮೇಲೂ ಬರೀ ಫ್ರಿಜ್ಜನ್ನು ನಂಬಬೇಡಿ. ನಮ್ಮ ಫ್ರಿಜ್ಜುಗಳು ನಾಲ್ಕೈದು ಡಿಗ್ರಿಯಲ್ಲಿ ಇರುತ್ತವೆ, ಮಳೆಗಾಲದಲ್ಲಿ ಕರೆಂಟ್ ಹೋದರೆ ಮುಗಿಯಿತು. ಫ್ರಿಜ್ಜಿನ ಒಳಗೂ ಐಸ್-ನೀರಿನ ಪಾತ್ರೆಯಲ್ಲೇ ಇಡಿ.

ಇನ್ನು ಆರಿಸುವುದು. ಹೆಸರು ನೋಡಿ ಕೊಳ್ಳಬೇಡಿ, ಡಬ್ಬಿಯ ಮೇಲಿನ ಕೋಡ್ ಓದಿ. 1998ರಿಂದ ಎಲ್ಲ ಸ್ಟರ್ಜನ್ ಜಾತಿಗಳೂ ಅಳಿವಿನ ಅಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಕೆಳಗೆ ಬಂದಿವೆ, ಹಾಗಾಗಿ ಸರಿಯಾದ ದಾರಿಯಲ್ಲಿ ಬಂದ ಡಬ್ಬಿಗೆ ಲೇಬಲ್ ಇರಲೇಬೇಕು. ಮೊದಲ ಮೂರು ಅಕ್ಷರ ಮೀನಿನ ಜಾತಿ. ಬಿಎಇ ಅಂದರೆ ಸೈಬೀರಿಯನ್, ಜಿಯುಇ ಅಂದರೆ ಒಸೆಟ್ರಾ, ಎಚ್‌ಯುಎಸ್ ಅಂದರೆ ಬೆಲುಗಾ. ಆಮೇಲೆ ಸಿ ಅಂತ ಇದ್ದರೆ ಸಾಕಿದ ಮೀನು, ಡಬ್ಲ್ಯು ಇದ್ದರೆ ಸಾಕದೆ ಹೊಳೆ ಕಡಲಿನಲ್ಲಿ ಹಿಡಿದ ಮೀನು. ಮುಂದೆ ದೇಶ, ವರ್ಷ, ಘಟಕದ ಸಂಖ್ಯೆ, ಲಾಟ್. ದೇಶದ ಜಾಗದಲ್ಲಿ ಸಿಎನ್, ಅಂದರೆ ಚೀನಾ ಅಂತ ಕಂಡರೆ ಮುಖ ಸಿಂಡರಿಸುವವರಿದ್ದಾರೆ. ಸುಮ್ನೆ ಮಾತು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಕ್ಯಾವಿಯಾರ್ ತಯಾರಾಗುವುದು ಚೀನಾದಲ್ಲೇ, ಯುರೋಪಿನ ದೊಡ್ಡ ಹೋಟೆಲುಗಳಿಗೂ ಅಲ್ಲಿಂದ ಹೋಗುತ್ತದೆ. ನಾನು ಹೆಚ್ಚಾಗಿ ಬಡಿಸುವುದು ಸೈಬೀರಿಯನ್. ಅದು ಏಳೆಂಟು ವರ್ಷಕ್ಕೆ ಮೊಟ್ಟೆ ಕೊಡುತ್ತದೆ, ಬೆಲುಗಾಕ್ಕೆ ಹದಿನೆಂಟು ಇಪ್ಪತ್ತು ವರ್ಷ ಬೇಕು. ಬೆಲೆಯ ವ್ಯತ್ಯಾಸ ಬಹುಮಟ್ಟಿಗೆ ಆ ಕಾಯುವಿಕೆಯದ್ದು. ಕಾಳು ದೊಡ್ಡದು ಅಂತ ರುಚಿ ದೊಡ್ಡದಾಗುವುದಿಲ್ಲ.

ಗಾಜಿನ ಬಾಟಲಿಯಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ ಕಪ್ಪು ಮೊಟ್ಟೆಯನ್ನು ಕ್ಯಾವಿಯಾರ್ ಅಂತ ಕೊಟ್ಟು ಒಬ್ಬರು ನನ್ನನ್ನು ಏಮಾರಿಸಲು ನೋಡಿದರು. ಅದು ಲಂಪ್‌ಫಿಶ್ ಅನ್ನುವ ಬೇರೆ ಮೀನಿನ ಮೊಟ್ಟೆ, ಬಣ್ಣ ಹಾಕಿದ್ದು. ಪತ್ತೆ ಹಚ್ಚಲು ನಮ್ಮ ನೀರುದೋಸೆಗಿಂತ ಒಳ್ಳೆಯ ಸಾಧನ ಇಲ್ಲ. ಬಿಳಿ ದೋಸೆಯ ಮೇಲೆ ಹತ್ತು ನಿಮಿಷ ಬಿಡಿ, ಮಸಿ ಹರಡುತ್ತದೆ. ಸ್ಟರ್ಜನ್ ಮೊಟ್ಟೆ ಹಾಗೆ ಬಣ್ಣ ಬಿಡುವುದಿಲ್ಲ.

ದೋಸೆಯ ವಿಷಯಕ್ಕೇ ಬರುತ್ತೇನೆ. ರಷ್ಯಾದವರು ಬ್ಲಿನಿ ಅನ್ನುವ ತಮ್ಮ ದೋಸೆಯ ಮೇಲೆ ತಿನ್ನುತ್ತಾರೆ. ನಾನು ಬ್ಲಿನಿ ಮಾಡಿ ನೋಡಿದೆ, ನಮ್ಮವರು ಬನ್ ತಿಂದ ಹಾಗೆ ತಿಂದರು. ಬೆಳ್ತಿಗೆ ಅಕ್ಕಿಯ ನೀರುದೋಸೆ ಸಪ್ಪೆ, ಮೆತ್ತಗೆ, ಅದಕ್ಕೆ ತನ್ನದೇ ಜೋರು ಇಲ್ಲ. ಹಿಟ್ಟಿಗೆ ಉಪ್ಪು ಹಾಕಬೇಡಿ. ತೆಂಗಿನಕಾಯಿ ರುಬ್ಬಿ ಸೇರಿಸಬೇಡಿ. ಮುಖ್ಯವಾಗಿ ಕಾವಲಿಗೆ ತೆಂಗಿನೆಣ್ಣೆ ಬೇಡ, ಅದರ ಪರಿಮಳದ ಮುಂದೆ ಕ್ಯಾವಿಯಾರ್ ಕಾಣೆಯಾಗುತ್ತದೆ. ಉಪ್ಪಿಲ್ಲದ ಬೆಣ್ಣೆ ಸವರಿ. ದೋಸೆ ಅಂಗೈಗಿಂತ ಸಣ್ಣದಿರಲಿ, ಪೂರ್ತಿ ಆರಲಿ. ಬಿಸಿ ದೋಸೆಗೆ ಹಾಕಿದರೆ ಮೊಟ್ಟೆ ಬೇಯುತ್ತದೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು ಒಂದು ಚೂರು, ಅದರ ಮೇಲೆ ಕ್ಯಾವಿಯಾರ್. ನಿಂಬೆ, ಈರುಳ್ಳಿ ಯಾವುದೂ ಬೇಡ. ಅಕ್ಕಿ ಎಷ್ಟು ಹೊತ್ತು ನೆನೆಸುತ್ತೇನೆ, ಯಾವ ಅಂಗಡಿಯ ಅಕ್ಕಿ ಅಂತ ಕೇಳಬೇಡಿ.

ಬೇರೆಯದ್ದೂ ನೋಡಿದ್ದೇನೆ. ಬೇಯಿಸಿದ ಮರಗೆಣಸು ಆಲೂಗಡ್ಡೆಯ ಬದಲಿಗೆ ಆಗುತ್ತದೆ ಅಂದುಕೊಂಡೆ, ಅದು ಬಾಯಿಗೆ ಅಂಟಿ ಮೊಟ್ಟೆಯನ್ನು ನುಂಗಿಬಿಡುತ್ತದೆ. ಒತ್ತು ಶ್ಯಾವಿಗೆ ಚೆನ್ನಾಗಿದೆ, ಎಳೆಗಳ ನಡುವೆ ಕಾಳು ಕೂರುತ್ತದೆ, ತಿನ್ನುವಾಗ ಒಂದೊಂದಾಗಿ ಸಿಗುತ್ತದೆ. ಮುತ್ತಿನ ಚಿಪ್ಪಿನ ಚಮಚಕ್ಕೆ ದುಡ್ಡು ಸುರಿಯಬೇಡಿ. ಬೆಳ್ಳಿ ಬೇಡ ಅನ್ನುವುದು ನಿಜ, ಲೋಹದ ರುಚಿ ಬರುತ್ತದೆ. ಸ್ಟೀಲಿನಿಂದ ಏನೂ ಆಗುವುದಿಲ್ಲ. ನಾನು ಗೆರಟೆಯನ್ನು ಉಜ್ಜಿ ಸಣ್ಣ ಚಮಚ ಮಾಡಿಸಿದ್ದೇನೆ, ಕಾಯಿಯ ವಾಸನೆ ಹೋಗುವವರೆಗೆ ಕುದಿಸಬೇಕು. ಗಲ್ಫಿನವರು ಮೊದಲು ಅದರ ಫೋಟೋ ತೆಗೆಯುತ್ತಾರೆ.

ದುಡ್ಡಿನ ಲೆಕ್ಕ. ಮೂವತ್ತು ಗ್ರಾಂ ಡಬ್ಬಿಗೆ ಸುಮಾರು ಒಂಬತ್ತು ಸಾವಿರ. ಒಬ್ಬರಿಗೆ ಆರೇಳು ಗ್ರಾಂ ಕೊಟ್ಟರೆ ನಾಲ್ಕೈದು ಜನಕ್ಕೆ ಆಯಿತು. ಅದಕ್ಕಿಂತ ಕಡಿಮೆ ಕೊಟ್ಟರೆ ರುಚಿಯೇ ಗೊತ್ತಾಗುವುದಿಲ್ಲ, ಕೊಟ್ಟದ್ದು ದಂಡ. ತಲೆಗೆ ಎರಡೂವರೆಯಿಂದ ಮೂರು ಸಾವಿರ ತೆಗೆದುಕೊಳ್ಳುತ್ತೇನೆ. ರೈಲು, ಐಸು, ಹುಡುಗನ ಖರ್ಚು ಕಳೆದು ತಲೆಗೆ ಐನೂರರ ಹತ್ತಿರ ಉಳಿಯುತ್ತದೆ. ಮೊದಲಿನ ಪ್ರಯೋಗಗಳಲ್ಲಿ ಮೂವತ್ತು ಸಾವಿರಕ್ಕೂ ಮೇಲೆ ಹೋಗಿತ್ತು, ಅದು ಕಳೆದ ಸೀಸನ್ನಿನಲ್ಲಿ ವಾಪಸ್ ಬಂತು. ಮುಂಗಡ ಇಲ್ಲದೆ ನಾನು ಡಬ್ಬಿ ತರಿಸುವುದಿಲ್ಲ. ಒಮ್ಮೆ ತೆರೆದದ್ದನ್ನು ಎರಡು ದಿನದೊಳಗೆ ಮುಗಿಸಬೇಕು, ಉಳಿದದ್ದನ್ನು ಇನ್ನೊಂದು ಮನೆಗೆ ಬಡಿಸುವ ಕೆಲಸ ನನ್ನಲ್ಲಿ ಇಲ್ಲ.

ಇಷ್ಟು ದುಡ್ಡು ಹಾಕಲಾಗದವರಿಗೆ ನಾನು ಈಗ ತಿರುತ (ಗ್ರೇ ಮುಲ್ಲೆಟ್) ಮೀನಿನ ಮೊಟ್ಟೆ ಒಣಗಿಸುತ್ತಿದ್ದೇನೆ. ಇಟಲಿಯವರ ಬೊತ್ತಾರ್ಗಾ, ಜಪಾನಿನವರ ಕರಾಸುಮಿ ಎರಡೂ ಹೆಚ್ಚಾಗಿ ಇದೇ ಜಾತಿಯ ಮೀನಿನ ಮೊಟ್ಟೆ ಒಣಗಿಸಿ ಮಾಡುವುದು. ಚೀಲ ಹರಿಯದ ಹಾಗೆ ತೆಗೆದು, ರಕ್ತನಾಳ ಒತ್ತಿ ಖಾಲಿ ಮಾಡಿ, ಉಪ್ಪಿನಲ್ಲಿಟ್ಟು, ಹಲಗೆಗಳ ನಡುವೆ ಒತ್ತಿ ಒಣಗಿಸುವುದು. ಬಿಸಿಲಿನಲ್ಲಿ ಇಟ್ಟದ್ದು ನಮ್ಮ ಕಡಲ ಗಾಳಿಯ ತೇವಕ್ಕೆ ಬೂಷ್ಟು ಹಿಡಿಯಿತು. ಫ್ರಿಜ್ಜಿನಲ್ಲಿ ಮುಚ್ಚದೆ ಎರಡು ಮೂರು ವಾರ ಇಟ್ಟರೆ ಜೇನಿನ ಬಣ್ಣಕ್ಕೆ ಬರುತ್ತದೆ. ಕುಚ್ಚಿಲಕ್ಕಿ ಗಂಜಿಗೆ ತುಪ್ಪ ಬಿಟ್ಟು ಅದರ ಮೇಲೆ ತುರಿದು ಕೊಟ್ಟೆ. ಬಾವ ಎರಡನೇ ಬಟ್ಟಲು ಕೇಳಿದರು, ಮತ್ತೆ ಇದಕ್ಕೆ ಎಷ್ಟು ರೇಟು ಹಾಕೋಣ ಅಂತ ಲೆಕ್ಕಕ್ಕೆ ಕೂತರು.