ನಾನು ನೀರಿನಡಿ, ಜೂನೋ ದೋಣಿಯಲ್ಲಿ

ಅಂಗವಿಕಲರ ನೆರವಿಗೆಂದು ತರಬೇತಿ ಪಡೆದ ನಾಯಿ, ನನ್ನ ಸರ್ವಿಸ್ ಡಾಗ್ ಜೂನೋಳನ್ನು ಕರೆದುಕೊಂಡು ಸ್ಕೂಬಾ ಡೈವಿಂಗ್‌ಗೆ ಹೋಗುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ‘ನಾಯಿನೂ ನೀರೊಳಗೆ ಇಳಿಯುತ್ತಾ?’ ಇಳಿಯುವುದಿಲ್ಲ. ನಾಯಿಗೆ ಹೆಲ್ಮೆಟ್ ತೊಡಿಸಿ ಕೆಳಗೆ ಕರೆದೊಯ್ಯುವ ವಿಡಿಯೋಗಳನ್ನು ಜನ ನನಗೂ ಕಳಿಸುತ್ತಿರುತ್ತಾರೆ. ನನಗೆ ಅವು ಸೇರುವುದಿಲ್ಲ. ಕಿವಿ ನೋಯುತ್ತಿದೆ, ಮೇಲೆ ಹೋಗೋಣ ಅಂತ ಸನ್ನೆ ಮಾಡಿ ಹೇಳಲಾರದ ಜೀವವನ್ನು ನೀರಿನ ಒತ್ತಡಕ್ಕೆ ಒಡ್ಡಬಾರದು. ಜೂನೋಳ ಕೆಲಸ ಏನಿದ್ದರೂ ನೀರಿನ ಮೇಲೆ.

ಎರಡು ವರ್ಷದವಳಿದ್ದಾಗ ನನಗೆ ಪೋಲಿಯೋ ಬಂತು. ಎರಡೂ ಕಾಲಿನಲ್ಲಿ ಶಕ್ತಿ ಕಡಿಮೆ. ಬಲಗಾಲಿಗೆ ತೊಡೆಯವರೆಗೆ ಆಧಾರಕ್ಕೆ ಕಟ್ಟುವ ಕ್ಯಾಲಿಪರ್, ಎರಡೂ ಕೈಗೆ ಊರುಗೋಲು. ಬೆಳೆದದ್ದು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ, ಈಗ ಇರುವುದು ಫ್ಲೋರಿಡಾದ ಒರ್ಲಾಂಡೋದಲ್ಲಿ. ಎರಡೂ ಕೈಯಲ್ಲಿ ಊರುಗೋಲು ಇದ್ದವರಿಗೆ ಗೊತ್ತು, ನೆಲಕ್ಕೆ ಬಿದ್ದ ಒಂದು ಕೀಲಿಕೈ ಎತ್ತಿಕೊಳ್ಳುವುದು ಎಷ್ಟು ಹೊತ್ತಿನ ಕೆಲಸ ಅಂತ. ಜೂನೋ ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್ ಬೆರಕೆ. ಬಿದ್ದದ್ದನ್ನು ಎತ್ತಿ ತೊಡೆಯ ಮೇಲೆ ಇಡುತ್ತಾಳೆ, ಹಿಡಿಕೆಗೆ ಕಟ್ಟಿದ ಹಗ್ಗ ಜಗ್ಗಿ ಬಾಗಿಲು ತೆಗೆಯುತ್ತಾಳೆ, ಕಾಲುಚೀಲ ಕಳಚುತ್ತಾಳೆ. ಇಂಥ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಗಳು ಅಮೆರಿಕದಲ್ಲಿ ಹಲವಿವೆ. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೆನೈನ್ ಕಂಪ್ಯಾನಿಯನ್ಸ್‌ನಂಥವು ನಾಯಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಆದರೆ ಸರದಿ ಬರುವವರೆಗೆ ಕಾಯಬೇಕು.

ಇವಳ ಜೊತೆ ಡೈವಿಂಗ್ ಪ್ರವಾಸ ಹೊರಡುವುದೆಂದರೆ, ನಾನು ಅವಳ ಹತ್ತಿರ ಇಲ್ಲದ ಆ ಮುಕ್ಕಾಲು ಗಂಟೆಗೆ ವ್ಯವಸ್ಥೆ ಮಾಡುವುದು. ಹೋಟೆಲು, ಕಾರು, ಊಟ ಎಲ್ಲ ಹೇಗೋ ಆಗುತ್ತದೆ. ನಾನು ಮುಳುಗಿದ ಮೇಲೆ ಅವಳ ಹಗ್ಗ ಯಾರ ಕೈಯಲ್ಲಿ ಅನ್ನುವುದು ಇತ್ಯರ್ಥ ಆಗದೆ ನಾನು ಬುಕಿಂಗ್ ಮಾಡುವುದಿಲ್ಲ.

ಕಾನೂನು ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಅಮೆರಿಕದ 1990ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅಂಗಡಿಯವರು ನನ್ನನ್ನು ಎರಡು ಪ್ರಶ್ನೆ ಕೇಳಬಹುದು: ಈ ನಾಯಿ ನಿಮ್ಮ ಅಂಗವೈಕಲ್ಯದ ಕಾರಣಕ್ಕೆ ಬೇಕಾದದ್ದೇ, ಅದಕ್ಕೆ ಯಾವ ಕೆಲಸ ಕಲಿಸಿದೆ? ಕಾಗದಪತ್ರ ತೋರಿಸಿ ಅನ್ನುವಂತಿಲ್ಲ. ಒಮ್ಮೆ ಒಂದು ಡೈವ್ ಅಂಗಡಿಯಲ್ಲಿ ‘ಸರ್ಟಿಫಿಕೇಟ್ ಎಲ್ಲಿ’ ಎಂದು ಹಟ ಹಿಡಿದರು. ಆನ್‌ಲೈನಿನಲ್ಲಿ ದುಡ್ಡು ಕೊಟ್ಟು ಗುರುತಿನ ಚೀಟಿ ತರಿಸಿಕೊಳ್ಳುವವರು ಹೆಚ್ಚಾದಷ್ಟೂ ಇಂಥ ಬೇಡಿಕೆ ಹೆಚ್ಚುತ್ತದೆ. ಆ ಚೀಟಿಗೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ. ಸಾಕುನಾಯಿಯನ್ನು ಸರ್ವಿಸ್ ಡಾಗ್ ಅಂತ ಸುಳ್ಳು ಹೇಳುವುದು ಫ್ಲೋರಿಡಾದಲ್ಲಿ 2015ರಿಂದ ಅಪರಾಧ. ಆದರೆ ಆ 1990ರ ಕಾಯ್ದೆ ಇನ್ನೊಂದು ಮಾತನ್ನೂ ಹೇಳುತ್ತದೆ: ನಾಯಿ ಸದಾ ಹತೋಟಿಯಲ್ಲಿರಬೇಕು, ಅದನ್ನು ನೋಡಿಕೊಳ್ಳುವುದು ಸಿಬ್ಬಂದಿಯ ಹೊಣೆಯಲ್ಲ. ದೋಣಿಯ ಕ್ಯಾಪ್ಟನ್ನನಿಗೆ ‘ಸ್ವಲ್ಪ ನೋಡ್ಕೊಳ್ಳಿ, ಬಂದ್ಬಿಡ್ತೀನಿ’ ಎನ್ನುವ ಹಕ್ಕು ನನಗಿಲ್ಲ. ನೀರಲ್ಲಿ ಯಾರಿಗಾದರೂ ತೊಂದರೆಯಾದರೆ ಅವನು ನಾಯಿ ಹಿಡಿದು ಕೂತಿರಬಾರದು ಕೂಡ.

ಹಾಗಾಗಿ ಒಬ್ಬ ಹೆಚ್ಚುವರಿ ಮನುಷ್ಯ ಬೇಕು. ಅಂಗವಿಕಲರಿಗೆ ಡೈವಿಂಗ್ ಕಲಿಸಲು 1981ರಲ್ಲಿ ಹುಟ್ಟಿದ ಹ್ಯಾಂಡಿಕ್ಯಾಪ್ಡ್ ಸ್ಕೂಬಾ ಅಸೋಸಿಯೇಷನ್ ನಮ್ಮನ್ನು ಮೂರು ಹಂತವಾಗಿ ನೋಡುತ್ತದೆ. ‘ಎ’ ಹಂತದವರು ಮಾಮೂಲಿನಂತೆ ಒಬ್ಬ ಜೊತೆಗಾರ ಡೈವರ್ ಜೊತೆ ಇಳಿಯಬಹುದು. ‘ಬಿ’ ಹಂತದವರಿಗೆ ಇಬ್ಬರು ಬೇಕು. ‘ಸಿ’ ಹಂತದಲ್ಲಿ ಆ ಇಬ್ಬರ ಪೈಕಿ ಒಬ್ಬರು ರಕ್ಷಣಾ ತರಬೇತಿ ಪಡೆದಿರಬೇಕು. ನಾನು ‘ಬಿ’. ಅಂದರೆ ನನ್ನ ಜೊತೆ ನೀರಿಗೆ ಇಬ್ಬರು, ಮೇಲೆ ಜೂನೋಗೆ ಒಬ್ಬರು. ಅದೃಷ್ಟಕ್ಕೆ ನಮ್ಮ ಮನೆಯವರಿಗೆ ಸಮುದ್ರ ಅಂದರೆ ದೂರದ ನಮಸ್ಕಾರ. ಡೈವಿಂಗ್ ಹುಚ್ಚಿನ ಗಂಡ ಸಿಕ್ಕಿದ್ದರೆ ನನ್ನ ಕಥೆ ಕಷ್ಟವಿತ್ತು.

ಜೂನೋಗೆ ಕಲಿಸಿದ್ದರಲ್ಲಿ ಹೆಚ್ಚು ಹೊತ್ತು ಹಿಡಿದದ್ದು ನನ್ನ ಮುಖ. ಮಾಸ್ಕ್ ಹಾಕಿ, ಟ್ಯಾಂಕಿನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡು ಬುಸ್ ಬುಸ್ ಉಸಿರಾಡುವವಳು ತನ್ನ ಯಜಮಾನಿಯೇ ಅಂತ ಅವಳಿಗೆ ಒಪ್ಪಿಗೆಯಾಗಲಿಲ್ಲ. ಬಾಲ ಇಳಿಬಿಟ್ಟು ಹಿಂದೆ ಸರಿದಳು. ಅದಕ್ಕೇ ಮನೆಯಲ್ಲಿ ಮಾಸ್ಕ್ ಹಾಕಿಕೊಂಡೇ ಪಾತ್ರೆ ತೊಳೆದೆ, ಟಿವಿ ನೋಡಿದೆ, ಅವಳಿಗೆ ಊಟ ಹಾಕಿದೆ. ಊರಿಂದ ವಿಡಿಯೋ ಕಾಲ್ ಮಾಡಿದ ಅಮ್ಮ ‘ಇದೆಂಥ ವೇಷವೇ ಮಾರಾಯ್ತಿ’ ಎಂದು ಗಾಬರಿಯಾದರು. ಆಮೇಲೆ ಸದ್ದು. ಟ್ಯಾಂಕಿನ ವಾಲ್ವ್ ತಿರುಗಿಸಿದಾಗ ಬರುವ ‘ಫ್ಸ್’ ನಾಯಿಯ ಕಿವಿಗೆ ಬಹಳ ಜೋರು. ಮೊದಲು ಹಿತ್ತಲಿನ ಆ ತುದಿಯಲ್ಲಿ ಸದ್ದು ಮಾಡಿಸಿದೆವು, ಅವಳು ತಲೆ ಎತ್ತದೆ ಮಲಗಿದ್ದರೆ ಬಹುಮಾನ. ದಿನ ಕಳೆದಂತೆ ಹತ್ತಿರ ತಂದೆವು.

ಮೂರನೆಯದು ಮುಳುಗುವುದು. ಬಹಳಷ್ಟು ನಾಯಿಗಳು ಮನೆಯವರು ನೀರಲ್ಲಿ ಕಾಣೆಯಾದರೆ ಹಿಂದೆಯೇ ಹಾರುತ್ತವೆ. ಈಜುಕೊಳದಲ್ಲಿ ಅಭ್ಯಾಸ ಮಾಡಿಸಿದೆವು. ಸರ್ವಿಸ್ ಡಾಗ್‌ಗೆ ಕೊಳದ ಕಟ್ಟೆಯ ಮೇಲೆ ಬರುವ ಹಕ್ಕಿದೆ, ಕೊಳದ ನೀರಿಗೆ ಇಳಿಯುವ ಹಕ್ಕಿಲ್ಲ. ನಮಗೆ ಬೇಕಾಗಿದ್ದೂ ಅಷ್ಟೇ. ಮನೆಯವರು ಹಗ್ಗ ಹಿಡಿದು ಕೂರುವುದು, ನಾನು ಐದು ಸೆಕೆಂಡು ಮುಳುಗಿ ಏಳುವುದು, ಆಮೇಲೆ ಅರ್ಧ ನಿಮಿಷ, ಆಮೇಲೆ ಟ್ಯಾಂಕ್ ಹಾಕಿಕೊಂಡು ಹತ್ತು ನಿಮಿಷ. ಕಡೆಕಡೆಗೆ ಗುಳ್ಳೆ ಏಳುವ ಜಾಗದ ಕಡೆ ಮುಖ ಮಾಡಿ ಮಲಗುವುದನ್ನು ಅವಳೇ ಕಲಿತಳು.

ನಾವು ಹೆಚ್ಚಾಗಿ ಹೋಗುವುದು ಫ್ಲೋರಿಡಾದ ದಕ್ಷಿಣದಲ್ಲಿರುವ ಕೀ ಲಾರ್ಗೋ ದ್ವೀಪಕ್ಕೆ. ಒರ್ಲಾಂಡೋದಿಂದ ಸುಮಾರು ಐದು ಗಂಟೆ ಡ್ರೈವ್. ಅಲ್ಲಿಯ ಡೈವ್ ದೋಣಿಗಳು ಸಾಮಾನ್ಯವಾಗಿ ನಾಲ್ಕು ಗಂಟೆಯ ಟ್ರಿಪ್‌ನಲ್ಲಿ ಎರಡು ಜಾಗ ತೋರಿಸುತ್ತವೆ. ಫೋನ್ ಮಾಡಿದಾಗ ನಾನು ಹಕ್ಕಿನ ಮಾತಿನಿಂದ ಶುರು ಮಾಡುವುದಿಲ್ಲ. ದೋಣಿಯಲ್ಲಿ ನೆರಳು ಎಲ್ಲಿದೆ, ಟ್ಯಾಂಕುಗಳ ಸಾಲಿನಿಂದ ಅದು ಎಷ್ಟು ದೂರ, ಏಣಿ ಯಾವ ಕಡೆ, ಡೈವ್ ಮಾಡದೆ ಕೂರುವವರಿಗೆ ಟಿಕೆಟ್ ಎಷ್ಟು, ಇಷ್ಟು ಕೇಳುತ್ತೇನೆ. ಹುಷಾರಾದ ಅಂಗಡಿಯವರಿಗೆ ಇದರಲ್ಲೇ ನಾನೇನು ತಲೆನೋವಲ್ಲ ಎಂದು ಗೊತ್ತಾಗುತ್ತದೆ. ವಾರದ ನಡುವಿನ ದಿನ ಕೇಳಿದರೆ ಜನ ಕಡಿಮೆ, ನಾಯಿ ಮಲಗಲು ಜಾಗವೂ ಸಿಗುತ್ತದೆ.

ದೋಣಿ ಹತ್ತುವ ಮೊದಲು ಶೌಚ ಮುಗಿಸಲೇಬೇಕು. ಮುಂಜಾನೆ ಊಟ ಅರ್ಧ ಮಾತ್ರ, ಏಕೆಂದರೆ ನಾಯಿಗೂ ಸಮುದ್ರದಲ್ಲಿ ಹೊಟ್ಟೆ ತೊಳಸುತ್ತದೆ. ಜೊಲ್ಲು ಸುರಿಯತೊಡಗಿದರೆ ಅದೇ ಮುನ್ಸೂಚನೆ. ಔಷಧಿ ಬೇಕೋ ಬೇಡವೋ ಅನ್ನುವುದು ಪಶುವೈದ್ಯರಿಗೆ ಬಿಟ್ಟದ್ದು. ಬೆನ್ನ ಮೇಲೆ ಹಿಡಿಕೆಯಿರುವ ಲೈಫ್ ಜಾಕೆಟ್ ತೊಡಿಸುತ್ತೇವೆ. ನೀರಿಗೆ ಬಿದ್ದರೆ ಕೊಕ್ಕೆ ಹಾಕಿ ಎತ್ತಲು ಆ ಹಿಡಿಕೆಯೇ ಗತಿ. ಬಿಸಿಲಿಗೆ ಡೆಕ್ ಕಾವಲಿಯಂತೆ ಕಾಯುತ್ತದೆ, ಅದಕ್ಕೆ ಒದ್ದೆ ಮಾಡಿದ ಚಾಪೆ. ಸಿಹಿನೀರಿನ ಬಟ್ಟಲು ಸದಾ ಅವಳೆದುರಿಗೆ ಇರಬೇಕು. ಬಾಯಾರಿದ ನಾಯಿ ಡೆಕ್ಕಿನ ಮೇಲೆ ನಿಂತ ಉಪ್ಪುನೀರನ್ನೇ ನೆಕ್ಕುತ್ತದೆ. ಸ್ವಲ್ಪವಾದರೆ ವಾಂತಿ ಭೇದಿ, ಹೆಚ್ಚಾದರೆ ಮೈಯಲ್ಲಿ ಸೋಡಿಯಂ ಏರಿ ಜೀವಕ್ಕೇ ಅಪಾಯ.

ಕ್ಯಾಲಿಪರ್ ಅನ್ನು ನಾನು ದಡದ ಕಾರಿನಲ್ಲೇ ಬಿಡುತ್ತೇನೆ, ಉಪ್ಪುನೀರು ತಾಗಿದರೆ ಅದರ ಕೀಲು, ಚರ್ಮ ಎಲ್ಲ ಹಾಳು. ಕಾಲು ಸಣ್ಣದಿರುವುದರಿಂದ ಅಂಗಡಿಯ ವೆಟ್‌ಸೂಟ್ ಸಡಿಲವಾಗುತ್ತದೆ, ಕಾಲು ಮೇಲಕ್ಕೆ ತೇಲಿ ತಲೆ ಕೆಳಗಾಗುತ್ತದೆ. ಅಳತೆಗೆ ಹೊಲಿಸಿಕೊಂಡ ಸೂಟ್, ಕಣಕಾಲಿಗೆ ಸಣ್ಣ ತೂಕ, ಕೈಗೆ ಬೆರಳ ನಡುವೆ ಪೊರೆಯಿರುವ ಕೈಗವಸು. ಈಜುವುದು ಪೂರ್ತಿ ಕೈಯಲ್ಲೇ. ದೋಣಿಯ ಅಂಚಿನಲ್ಲಿ ಕೂತು ಹಿಂದಕ್ಕೆ ಉರುಳುತ್ತೇನೆ. ಉರುಳುವ ಮೊದಲು ಜೂನೋಗೆ ‘ಇರು’ ಅನ್ನುವುದು ನಾನಲ್ಲ, ಮನೆಯವರು. ಆ ಹೊತ್ತಿಗಾಗಲೇ ಅವಳು ಅವರ ಸುಪರ್ದಿಯಲ್ಲಿದ್ದಾಳೆ ಅನ್ನುವುದು ಅವಳಿಗೆ ಸ್ಪಷ್ಟವಾಗಿರಬೇಕು. ಎರಡು ದನಿ ಕೇಳಿದರೆ ಎದ್ದು ನಿಲ್ಲುತ್ತಾಳೆ.

ಕೀ ಲಾರ್ಗೋದ ಡ್ರೈ ರಾಕ್ಸ್‌ನಲ್ಲಿ ಸುಮಾರು 25 ಅಡಿ ಆಳದಲ್ಲಿ ಕೈ ಮೇಲೆತ್ತಿ ನಿಂತಿರುವ ಕಂಚಿನ ಕ್ರಿಸ್ತನಿದ್ದಾನೆ. ಇಟಲಿಯ ಸಾನ್ ಫ್ರುಟ್ಟುವೊಸೊ ಕೊಲ್ಲಿಯಲ್ಲಿ 1954ರಲ್ಲಿ ಇಳಿಸಿದ ಪ್ರತಿಮೆಯ ಅಚ್ಚಿನದೇ ಇದು, 1965ರಲ್ಲಿ ಇಲ್ಲಿ ನಿಲ್ಲಿಸಿದರು. ಆಳ ಕಡಿಮೆ, ಮೇಲೆ ಬರುವುದು ಸಲೀಸು, ದೋಣಿಯೂ ತಲೆಯ ಮೇಲೇ ಕಾಣುತ್ತಿರುತ್ತದೆ. ಇಂಥ ಜಾಗಗಳೇ ಜೂನೋ ಜೊತೆಗಿನ ದಿನಕ್ಕೆ ಸರಿ. 2002ರಲ್ಲಿ ಮುಳುಗಿಸಿದ ಸ್ಪೀಗಲ್ ಗ್ರೋವ್ ಹಡಗಿನದು ಬೇರೆ ಲೆಕ್ಕ. 510 ಅಡಿ ಉದ್ದ, ತಳ ಸುಮಾರು 130 ಅಡಿಯಲ್ಲಿ, ಸೆಳೆತ ಜೋರು, ದೋಣಿ ಹೊಯ್ದಾಡುತ್ತದೆ. ಅಲ್ಲಿಗೆ ಹೋದ ದಿನ ಜೂನೋ ಮತ್ತು ಮನೆಯವರು ಹೋಟೆಲಿನ ಎಸಿಯಲ್ಲಿ.

ಮೇಲೆ ಬರುವುದೇ ನನಗೆ ಕಷ್ಟದ ಭಾಗ. ನೀರಲ್ಲೇ ತೂಕ ಮತ್ತು ಬಿಸಿಡಿ (ತೇಲಲು ಗಾಳಿ ತುಂಬುವ ಜಾಕೆಟ್) ಬಿಚ್ಚಿ ಸಿಬ್ಬಂದಿ ಕೈಗೆ ಕೊಟ್ಟು, ಏಣಿಯನ್ನು ತೋಳ್ಬಲದಲ್ಲೇ ಏರಿ ಡೆಕ್ಕಿನ ಮೇಲೆ ಮೀನಿನ ಹಾಗೆ ಹೊರಳುತ್ತೇನೆ. ಆಗ ಜೂನೋ ಹತ್ತಿರ ಬರಬಾರದು. ನಾನು ಬೆಂಚಿನ ಮೇಲೆ ಕೂತು ಕರೆದ ಮೇಲೆಯೇ ಬರಬೇಕು. ಬಂದವಳು ಮೊದಲು ನನ್ನ ಗಲ್ಲ ಮೂಸಿ, ಮಾಸ್ಕಿನ ಗೆರೆ ನೆಕ್ಕಿ, ಆಮೇಲೆ ಕೆಲಸಕ್ಕೆ ಇಳಿಯುತ್ತಾಳೆ. ಡೈವಿಂಗ್‌ಗೆ ತೊಡುವ ಬೂಟು, ಅಂದರೆ ಬೂಟಿಯ ಹಿಮ್ಮಡಿಗೆ ಒಂದು ಬಟ್ಟೆಯ ಕುಣಿಕೆ ಹೊಲಿದಿದ್ದೇನೆ. ಅದನ್ನು ಮುಂಬಲ್ಲಿನಲ್ಲಿ ಹಿಡಿದು, ಹಿಂಗಾಲು ಊರಿ, ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುತ್ತ ಜಗ್ಗುತ್ತಾಳೆ. ಬೂಟಿ ಪಚಕ್ ಎಂದು ಬಿಟ್ಟುಕೊಂಡಾಗ ಒಳಗಿದ್ದ ನೀರೆಲ್ಲ ಅವಳ ಮೂತಿಗೆ. ದೋಣಿಯವರೆಲ್ಲ ಫೋನ್ ತೆಗೆಯುವುದು ಈ ಹೊತ್ತಿಗೇ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ದೋಣಿಯಲ್ಲ, ಫ್ಲೋರಿಡಾದ ರಿವಿಯೇರಾ ಬೀಚ್‌ನ ಬ್ಲೂ ಹೆರಾನ್ ಸೇತುವೆ. ದಡದಿಂದಲೇ ಇಳಿಯುವ ಜಾಗ, ಆಳ 20 ಅಡಿಯ ಆಸುಪಾಸು. ಭರತ ತುಂಬಿ ನೀರು ನಿಂತ ಹೊತ್ತಿಗೆ ಇಳಿಯಬೇಕು, ಇಲ್ಲದಿದ್ದರೆ ಸೆಳೆತ ತಳ್ಳಿಕೊಂಡು ಹೋಗುತ್ತದೆ. ಸಮುದ್ರಕುದುರೆ, ಆಕ್ಟೋಪಸ್ ಕಾಣುತ್ತವೆ. ನಾಯಿಗೆ ಹೊಟ್ಟೆ ತೊಳಸುವ ತಾಪತ್ರಯವಿಲ್ಲ, ಹಿಡಿದವರಿಗೆ ಕೂರಲು ನೆರಳಿದೆ, ಮುಗಿದ ಮೇಲೆ ಸಿಹಿನೀರಿನ ಶವರ್. ಬೆರಳ ಸಂದಿಯ ಉಪ್ಪು ತೊಳೆದು, ಕಿವಿ ಒಣಗಿಸದಿದ್ದರೆ ಎರಡೇ ದಿನಕ್ಕೆ ಕೆರೆತ ಶುರು.

ದೇಶ ಬಿಟ್ಟು ಹೋಗುವುದಾದರೆ ಕಾಗದದ ಕೆಲಸ ಜಾಸ್ತಿ. ವಿಮಾನಯಾನ ಸಂಸ್ಥೆಗಳು 2021ರಿಂದ ಸಾರಿಗೆ ಇಲಾಖೆಯ ಫಾರ್ಮನ್ನು ಮೊದಲೇ ಕೇಳಬಹುದು. ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚಿನ ಹಾರಾಟಕ್ಕೆ ನಾಯಿ ವಿಮಾನದಲ್ಲಿ ಗಲೀಜು ಮಾಡುವುದಿಲ್ಲ ಎಂಬ ಇನ್ನೊಂದು ಹೇಳಿಕೆ. ಕೆರಿಬಿಯನ್ ಸಮುದ್ರದ ಬೊನೇರ್ ದ್ವೀಪದ ಕಡಲ ಉದ್ಯಾನದಲ್ಲಿ ಡೈವರ್‌ಗಳು ಕೈಗವಸು ತೊಡುವಂತಿಲ್ಲ. ನನ್ನಂತೆ ಕೈಗವಸೇ ರೆಕ್ಕೆಯಾದವರು ಹೊರಡುವ ಮೊದಲೇ ಪತ್ರ ಬರೆದು ಕೇಳಬೇಕು.

ಊರಿಗೆ ಬಂದಾಗ ನೇತ್ರಾಣಿ ದ್ವೀಪಕ್ಕೂ ಹೋಗಿದ್ದೆ. ಜೂನೋಳನ್ನು ಕರೆತರಲಿಲ್ಲ. ನಾಯಿಯ ರೇಬೀಸ್ ಹೆಚ್ಚಿರುವ ದೇಶಗಳ ಅಮೆರಿಕದ ಪಟ್ಟಿಯಲ್ಲಿ ಭಾರತವಿದೆ. 2024ರ ಆಗಸ್ಟ್‌ನಿಂದ ಬಂದ ನಿಯಮಗಳ ಪ್ರಕಾರ ವಾಪಸು ಕರೆದೊಯ್ಯಲು ಮೈಕ್ರೋಚಿಪ್, ಸರಕಾರಿ ಮುದ್ರೆಯ ಲಸಿಕೆ ಪತ್ರ, ಇನ್ನೊಂದು ಮತ್ತೊಂದು. ಅದೆಲ್ಲ ಮಾಡಬಹುದು, ಆದರೆ ಅಷ್ಟು ದೂರದ ವಿಮಾನ ಪ್ರಯಾಣದಲ್ಲಿ ಅವಳನ್ನು ಕಾಲಡಿಯಲ್ಲಿ ಮುದುರಿಸಿ ಕೂರಿಸಲು ನನಗೆ ಮನಸ್ಸಾಗಲಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಅಕ್ಕನ ಮಗ ಅವಳ ಡ್ಯೂಟಿ ಮಾಡಿದ. ಮಾಸ್ಕ್, ಕೈಗವಸು, ಊರುಗೋಲು ಒಂದೊಂದೇ ಉರುಳುತ್ತಿದ್ದರೆ ‘ಇನ್ನೇನು ಬಿತ್ತು ಚಿಕ್ಕಮ್ಮ?’ ಎನ್ನುತ್ತ ಎತ್ತಿಕೊಟ್ಟ. ಬೂಟಿ ಎಳೆಯಲು ಮಾತ್ರ ಅವನಿಗೆ ಎರಡೂ ಕೈ ಸಾಲಲಿಲ್ಲ. ಆ ಅಷ್ಟೂ ದಿನ ಜೂನೋ, ಮರಿಯಿದ್ದಾಗ ತನ್ನನ್ನು ಸಾಕಿದ ಸ್ವಯಂಸೇವಕರ ಮನೆಯಲ್ಲಿದ್ದಳು. ಕರೆದುಕೊಂಡು ಬರುವಾಗ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಒಂದು ತೂತು ಸಡಿಲಿಸಬೇಕಾಯಿತು.