ಬ್ಯಾಟರಿ ಬ್ಯಾಗನ್ನು ವಿಮಾನಕ್ಕೆ ಒಗ್ಗಿಸಿದ ಕಥೆ: ನನ್ನ ಅನುಭವ

ಫೋನ್ ಚಾರ್ಜ್ ಮಾಡಲು ಒಳಗೇ ಬ್ಯಾಟರಿ ಇರುವ ಸೂಟ್‌ಕೇಸ್, ಅಂದರೆ ಸ್ಮಾರ್ಟ್ ಬ್ಯಾಗ್, ಒಂದಲ್ಲ ಒಂದು ದಿನ ಕೌಂಟರ್‌ನಲ್ಲೇ ಉಳಿಯುತ್ತೆ ಅಂತ ನನ್ನ ಜೊತೆ ಓಡಾಡುವವರೆಲ್ಲ ಹೇಳುತ್ತಿದ್ದರು. ಕೆಲವು ವರ್ಷಗಳಿಂದ ಅದೇ ಬ್ಯಾಗ್ ನನ್ನ ಜೊತೆ ಹಾರುತ್ತಿದೆ, ಇದುವರೆಗೆ ಯಾರೂ ತಡೆದಿಲ್ಲ. ಆಗಲ್ಲ ಅಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬ್ಯಾಗ್ ಹಳೆಯದು, ಬ್ಯಾಟರಿಯನ್ನು ಅಸ್ತರಿನ ಹಿಂದೆ ಸ್ಕ್ರೂ ಹಾಕಿ ಕೂರಿಸಿದ್ದ ಕಾಲದ್ದು. ಕೊಂಡಾಗ ಅದರ ಬೆಲೆಗೆ ಮೂರು ಸಾದಾ ಬ್ಯಾಗ್ ಬರುತ್ತಿದ್ದವು. 2018ರ ಜನವರಿ 15ರಿಂದ ವಿಮಾನ ಸಂಸ್ಥೆಗಳು ಬ್ಯಾಟರಿ ತೆಗೆಯಲು ಬಾರದ ಇಂಥ ಬ್ಯಾಗುಗಳನ್ನು ಬೇಡ ಅನ್ನತೊಡಗಿದವು. ಇಂಥ ಬ್ಯಾಗ್ ಮಾಡುತ್ತಿದ್ದ ಬ್ಲೂಸ್ಮಾರ್ಟ್‌ನಂಥ ಕಂಪನಿ ಆ ವರ್ಷವೇ ಬಾಗಿಲು ಹಾಕಿತು. ಹಾಕಿದ ದುಡ್ಡೆಲ್ಲ ಹೋಯಿತು ಅಂದುಕೊಂಡಿದ್ದೆ. ಆದರೆ ಚಿಪ್ಪು, ಚಕ್ರ, ಹಿಡಿ ಎಲ್ಲ ಗಟ್ಟಿಯಾಗಿದ್ದವು. ಒಳಗಿನ ಬ್ಯಾಟರಿ, ಮೋಟರ್ ಬೀಗ ಎಲ್ಲ ಕಿತ್ತು ಇ-ತ್ಯಾಜ್ಯಕ್ಕೆ ಕೊಟ್ಟೆ. ಆ ಜಾಗಕ್ಕೆ ಸಾಮಾನ್ಯ ಪವರ್ ಬ್ಯಾಂಕ್ ಬರಬೇಕು, ಬ್ಯಾಗ್ ತೆರೆಯದೆಯೇ ಅದು ಕೈಗೆ ಸಿಗಬೇಕು. ನನ್ನ ಲೆಕ್ಕ ಇಷ್ಟೇ ಇತ್ತು.

ಇದು ಒಂದೇ ಸಲಕ್ಕೆ ಕೂಡಿಬರಲಿಲ್ಲ. ತಳದಲ್ಲಿ ವೆಲ್ಕ್ರೋ ಜೇಬು ಹೊಲಿಸಿದರೆ ಬ್ಯಾಟರಿ ತೆಗೆಯಲು ಕೌಂಟರ್ ಮುಂದೆ ಬಟ್ಟೆಯೆಲ್ಲ ಹೊರಗೆ ಹಾಕಬೇಕಾಯಿತು. ಪಕ್ಕದ ಜೇಬಿಗೆ ಬದಲಿಸಿದೆ. ಅಲ್ಲಿ ಕೇಬಲ್ ಎಳೆದಾಡಿ ಪವರ್ ಬ್ಯಾಂಕಿನ ಪೋರ್ಟೇ ಸಡಿಲವಾಯಿತು. ಪೋರ್ಟ್ ಅಲ್ಲಾಡುವ ಪವರ್ ಬ್ಯಾಂಕನ್ನು ನಾನು ವಿಮಾನಕ್ಕೆ ಒಯ್ಯುವುದಿಲ್ಲ, ಹಾಗಾಗಿ ಅದೂ ಇ-ತ್ಯಾಜ್ಯ. ಕೊನೆಗೆ ಕೆಲಸಕ್ಕೆ ಬಂದದ್ದು ಹಿಡಿಯ ಬುಡದಲ್ಲಿ ಹೊರಗಿನಿಂದ ತೆರೆಯುವ ಜಿಪ್, ಮ್ಯಾಗ್ನೆಟ್ ತುದಿಯ ಕೇಬಲ್, ಪವರ್ ಬ್ಯಾಂಕಿಗೆ ಸುತ್ತಿದ ಒಂದು ಕೆಂಪು ಪಟ್ಟಿ. ಪಟ್ಟಿ ಎಳೆದರೆ ಬ್ಯಾಟರಿ ಕೈಯಲ್ಲಿ. ಹತ್ತು ಸೆಕೆಂಡೂ ಬೇಡ. ಕ್ಯಾಬಿನ್ ತುಂಬಿದೆ, ಬ್ಯಾಗ್ ಕೆಳಗೆ ಕಳಿಸಿ ಅಂತ ಗೇಟ್‌ನಲ್ಲಿ ಹೇಳಿದಾಗ ಈ ಹತ್ತು ಸೆಕೆಂಡೇ ಮುಖ್ಯ. ಆ ಗಡಿಬಿಡಿಯಲ್ಲೇ ಬ್ಯಾಟರಿ ಒಳಗೆ ಉಳಿದು ಕಾರ್ಗೋಗೆ ಇಳಿಯುವುದು. ಕ್ಯಾಬಿನ್‌ನಲ್ಲಿ ಹೊಗೆ ಬಂದರೆ ಯಾರಾದರೂ ನೋಡುತ್ತಾರೆ, ನೀರು ಸುರಿದು ತಣಿಸುತ್ತಾರೆ. ಕೆಳಗೆ ಕಾರ್ಗೋದಲ್ಲಿ ಬೆಂಕಿ ಆರಿಸಲು ಇರುವ ಹ್ಯಾಲಾನ್ ಅನಿಲ ಜ್ವಾಲೆ ಆರಿಸುತ್ತೆ, ಆದರೆ ಕುದಿಯುವ ಸೆಲ್ಲನ್ನು ತಣಿಸುವುದಿಲ್ಲ. ಇದರಲ್ಲಿ ನಾನು ಯಾವ ರಾಜಿಯನ್ನೂ ಒಪ್ಪುವುದಿಲ್ಲ.

ಪವರ್ ಬ್ಯಾಂಕ್ ಯಾವುದು ಅನ್ನುವ ಪ್ರಶ್ನೆ. ವಿಮಾನ ಸಂಸ್ಥೆಯ ಅನುಮತಿ ಕೇಳದೆ ಒಯ್ಯುವ ಬ್ಯಾಟರಿಗೆ 100 ವ್ಯಾಟ್ ಅವರ್ ಮಿತಿ. 27,000 ಎಂಎಎಚ್‌ದು 99.9ಕ್ಕೆ ಬರುತ್ತೆ, ನಿಯಮದ ಒಳಗೇ ಇದೆ. ಆದರೆ ನನ್ನದರ ಮೇಲಿನ ಮುದ್ರಣ ಉಜ್ಜಿ ಅಳಿದಿತ್ತು. ತಪಾಸಣೆಯವರಿಗೆ ಎಷ್ಟು ವಿವರಿಸಿದರೂ ಆಗಲಿಲ್ಲ, ಅಲ್ಲೇ ಬಿಟ್ಟು ಬಂದೆ. ಒಳ್ಳೆ ಬೆಲೆಯದ್ದು, ಹೊಟ್ಟೆ ಉರಿಯಿತು. ಈಗ 20,000ದ್ದು, 74 ವ್ಯಾಟ್ ಅವರ್, ಅಂಕಿಯ ಮೇಲೆ ಪಾರದರ್ಶಕ ಟೇಪ್. ಆಮೇಲೆ ವಾದವೇ ಆಗಿಲ್ಲ. 2025ರ ಜನವರಿಯಲ್ಲಿ ಗಿಮ್ಹೆ ವಿಮಾನ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನ ಹೊತ್ತಿ ಉರಿದ ಮೇಲೆ ದಕ್ಷಿಣ ಕೊರಿಯಾ ಪವರ್ ಬ್ಯಾಂಕುಗಳನ್ನು ತಲೆ ಮೇಲಿನ ಬಿನ್‌ನಲ್ಲಿಡುವುದನ್ನು ನಿಷೇಧಿಸಿತು. ಸಿಂಗಾಪುರ ಏರ್‌ಲೈನ್ಸ್ ಏಪ್ರಿಲ್‌ನಿಂದ ಹಾರಾಟದಲ್ಲಿ ಬಳಸಬೇಡಿ ಅಂದಿತು. ಎಮಿರೇಟ್ಸ್ ಅಕ್ಟೋಬರ್‌ನಿಂದ ಒಬ್ಬರಿಗೆ ಒಂದೇ ಅಂದಿತು. ನನಗೆ ಇದ್ಯಾವುದೂ ಕಷ್ಟವಾಗಲಿಲ್ಲ. ಬ್ಯಾಗ್ ಮೇಲೆ ಹೋದರೂ ಬ್ಯಾಟರಿ, ಪೋರ್ಟಿಗೆ ಟೇಪ್ ಹಚ್ಚಿಕೊಂಡು, ನನ್ನ ಮುಂದಿನ ಸೀಟಿನ ಜೇಬಿನಲ್ಲೇ ಇರುತ್ತೆ.

ಟ್ರ್ಯಾಕರ್ ವಿಷಯಕ್ಕೆ ಬಂದರೆ, ಮೊದಲು ಸಿಮ್ ಹಾಕುವ ಜಿಪಿಎಸ್ ಪೆಟ್ಟಿಗೆ ಕೊಂಡಿದ್ದೆ. ತಿಂಗಳ ಬಾಡಿಗೆ ಕೂಡಿಸಿದರೆ ಒಂದು ವರ್ಷದಲ್ಲಿ ಉಪಕರಣದ ಬೆಲೆಯನ್ನೇ ದಾಟಿತು. ಅದಕ್ಕಿಂತ ಮುಖ್ಯವಾಗಿ, ಅದರ 1,000 ಎಂಎಎಚ್ ಅಂದರೆ 3.7 ವ್ಯಾಟ್ ಅವರ್. ಚೆಕ್-ಇನ್ ಬ್ಯಾಗಿನಲ್ಲಿ ಚಾಲೂ ಇರುವ ಟ್ರ್ಯಾಕರಿಗೆ ಮಿತಿ 2.7. ಆಫ್ ಮಾಡಿ ಕಳಿಸಿದರೆ ಟ್ರ್ಯಾಕರ್ ಯಾಕೆ ಬೇಕು? ಮಾರಿಬಿಟ್ಟೆ. ಆಪಲ್ ಏರ್‌ಟ್ಯಾಗ್‌ನಂಥ, ಬಿಲ್ಲೆ ಸೆಲ್ಲಿನ ಟ್ಯಾಗ್ ಸಾಕು. ಅದರ ಸಿಆರ್2032 ಬಿಲ್ಲೆ ಸೆಲ್ಲಿನಲ್ಲಿ ಲಿಥಿಯಂ ಸುಮಾರು 0.1 ಗ್ರಾಂ, ಮಿತಿ 0.3. 2022ರ ಅಕ್ಟೋಬರ್‌ನಲ್ಲಿ ಜರ್ಮನಿಯ ವಿಮಾನ ಸಂಸ್ಥೆ ಲುಫ್ತಾನ್ಸಾ ಏರ್‌ಟ್ಯಾಗ್ ಬೇಡ ಅಂದು ಕೆಲವೇ ದಿನಗಳಲ್ಲಿ ಹಿಂದೆ ಸರಿದಾಗಲೂ ನಾನು ನನ್ನದನ್ನು ತೆಗೆದಿರಲಿಲ್ಲ.

ನಡುವೆ ಒಂದಿಷ್ಟು ಪ್ರಯೋಗ ಮಾಡಿದೆ. ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟ ಟ್ಯಾಗ್ ಬೆಳಿಗ್ಗೆ ಕೂಗಿತು. ಅಲ್ಯೂಮಿನಿಯಂ ಪೆಟ್ಟಿಗೆಯ ನಡುವೆ ಇಟ್ಟರೆ ಸಿಗ್ನಲ್ ಬಹಳ ಕ್ಷೀಣ, ಪಾಲಿಕಾರ್ಬೊನೇಟ್‌ನಲ್ಲಿ ತೊಂದರೆಯಿಲ್ಲ. ಮಕ್ಕಳು ನುಂಗದಿರಲಿ ಅಂತ ಕಹಿ ಲೇಪ ಹಚ್ಚಿದ ಸೆಲ್ ಹಾಕಿದಾಗ ಟ್ಯಾಗ್ ಸದ್ದೇ ಮಾಡಲಿಲ್ಲ. ಲೇಪವಿಲ್ಲದ್ದು ಹಾಕಿದೆ, ಬಿಡಿ ಸೆಲ್ಲುಗಳನ್ನು ಮಕ್ಕಳ ಕೈಗೆ ಸಿಗದಂತೆ ಇಟ್ಟೆ. ಟ್ಯಾಗನ್ನು ನಾನು ಬ್ಯಾಗಿನಲ್ಲಿ ಎಲ್ಲಿ ಕೂರಿಸುತ್ತೇನೆ ಅಂತ ಮಾತ್ರ ಕೇಳಬೇಡಿ, ಕಳ್ಳರೂ ಓದುತ್ತಾರೆ. ಅಸ್ತರಿನ ಜೇಬು ಅಲ್ಲ ಅಂತಷ್ಟೇ ಹೇಳಬಲ್ಲೆ.

ಒಮ್ಮೆ ಬ್ಯಾಗ್ ಬೆಲ್ಟಿಗೆ ಬರಲೇ ಇಲ್ಲ. ಮುಂದಿನ ವಿಮಾನದಲ್ಲಿ ಬರುತ್ತೆ ಅಂದರು. ಫೋನು ನೋಡಿದರೆ ಬ್ಯಾಗ್ ವಿಮಾನ ಬದಲಿಸಿದ ಊರಲ್ಲೇ ಕೂತಿದೆ. ಐಫೋನಿನ ಐಒಎಸ್ 18.2ರಿಂದ ಟ್ಯಾಗ್ ಇರುವ ಜಾಗದ ಲಿಂಕ್ ಹಂಚಿಕೊಳ್ಳಬಹುದು. ಪಿಐಆರ್, ಅಂದರೆ ಬ್ಯಾಗ್ ಬರಲಿಲ್ಲ ಅನ್ನುವ ದೂರು, ಬರೆಸುವಾಗ ಅದನ್ನೂ ಕೊಟ್ಟೆ, ಮಾರನೆಯ ದಿನ ಬ್ಯಾಗ್ ಬಂತು. ಹೊಲಿಗೆ, ಜಿಪ್, ಕೇಬಲ್, ಟ್ಯಾಗ್ ಎಲ್ಲ ಸೇರಿ ನನಗಾದ ಖರ್ಚು ಹೊಸ ಸ್ಮಾರ್ಟ್ ಬ್ಯಾಗಿನ ಬೆಲೆಯ ಕಾಲುಭಾಗವೂ ಇಲ್ಲ. ಹಾಳಾದ ಮತ್ತು ಬಿಟ್ಟುಬಂದ ಆ ಎರಡು ಪವರ್ ಬ್ಯಾಂಕ್ ಸೇರಿಸಿದರೆ ಅರ್ಧದ ಹತ್ತಿರ.